ಪೆರಿಯಾರ್ ತೀರದಲ್ಲಿ ನಾರಿನ ಪೊರೆ: ಸಣ್ಣ ಅಣುಗಳನ್ನು ಬೇರ್ಪಡಿಸುವ ಬಗೆ

ಗಿಡಮರಗಳ ಜೀವಕೋಶದ ಗೋಡೆಯಲ್ಲಿರುವ ಮುಖ್ಯ ಸಾಮಗ್ರಿ ಸೆಲ್ಯುಲೋಸ್. ಹತ್ತಿಯಲ್ಲಿ ಅದು ಶೇ. 90ಕ್ಕೂ ಹೆಚ್ಚು, ಅನಾನಸ್ ಎಲೆಯ ನಾರಿನಲ್ಲಿ ಶೇ. 70ರಿಂದ 80, ಬಾಳೆನಾರಿನಲ್ಲಿ ಶೇ. 60ರ ಆಚೀಚೆ, ತೆಂಗಿನ ನಾರಿನಲ್ಲಿ ಶೇ. 40ರ ಹತ್ತಿರ. ಇದನ್ನು ರಾಸಾಯನಿಕದಲ್ಲಿ ಕರಗಿಸಿ, ಇಲ್ಲವೇ ನೀರಿನಲ್ಲೇ ಎಳೆ ಎಳೆಯಾಗಿ ಸೀಳಿ, ಕೆಲವೇ ಮೈಕ್ರೊಮೀಟರ್ ದಪ್ಪದ ಹಾಳೆ ಮಾಡಿದರೆ ಸಣ್ಣ ಅಣುಗಳನ್ನು ಬಿಡಿಸಿಕೊಡುವ ಪೊರೆ ಸಿಗುತ್ತದೆ. ರಕ್ತದಿಂದ ಯೂರಿಯಾ, ಸಮುದ್ರದ ನೀರಿನಿಂದ ಉಪ್ಪು, ಕಾರ್ಖಾನೆಯ ಕೊಳೆನೀರಿನಿಂದ ಬಣ್ಣ, ಮೆಣಸಿನ ಸಾರದಿಂದ ದ್ರಾವಕ ಹೀಗೆ ಬೇರ್ಪಡಿಸಬೇಕಾದವು ಬಹಳ. ಇಂದು ಮೆಂಬ್ರೇನ್ ಎಂದೊಡನೆ ನೆನಪಾಗುವುದು ಪ್ಲಾಸ್ಟಿಕ್. ಆದರೆ ಈ ವಿದ್ಯೆಯ ಮೊದಲ ನೂರು ವರ್ಷ ಬಹುಮಟ್ಟಿಗೆ ಸೆಲ್ಯುಲೋಸಿನದೇ ಆಗಿತ್ತು. ಪ್ಲಾಸ್ಟಿಕ್ ಪೊರೆಗಳು ಅದನ್ನು ಹಿಂದಕ್ಕೆ ತಳ್ಳಿದವು. ಈಗ ಪ್ರಯೋಗಾಲಯಗಳು ಮತ್ತೆ ಗಿಡದ ಕಡೆ ತಿರುಗಿವೆ.

ಇಂಥ ಬೇರ್ಪಡಿಕೆಯ ಎಲ್ಲ ಮುಖಗಳನ್ನೂ ಒಂದೇ ಕಡೆ ನೋಡಲು ಕೊಚ್ಚಿಯ ಎಡಪ್ಪಳ್ಳಿ ತಕ್ಕ ಜಾಗ. 544 ಮತ್ತು 66ನೇ ರಾಷ್ಟ್ರೀಯ ಹೆದ್ದಾರಿಗಳು ಕೂಡುವ ಆ ಊರಿನ ಪೋಣೆಕ್ಕರದಲ್ಲಿ 1998ರಲ್ಲಿ ಆರಂಭವಾದ ಅಮೃತಾ ಆಸ್ಪತ್ರೆಯಿದೆ; ಉತ್ತರಕ್ಕೆ ಕಳಮಶ್ಶೇರಿಯಲ್ಲಿ ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯವಿದೆ. ಅದಕ್ಕೂ ಆಚೆ ಪೆರಿಯಾರ್ ನದಿಯ ದಂಡೆಯಲ್ಲಿ ಏಲೂರು–ಎಡಯಾರ್ ಕೈಗಾರಿಕಾ ಪಟ್ಟಿ ಹಬ್ಬಿದೆ. ಪೂರ್ವಕ್ಕೆ ಹೋದರೆ ಕೋಲಂಚೇರಿ, ಅಂಗಮಾಲಿ ಕಡೆಯ ಸಾಂಬಾರ ಪದಾರ್ಥಗಳ ಸಾರ ತೆಗೆಯುವ ಕಾರ್ಖಾನೆಗಳು. ಪೆರುಂಬಾವೂರಿನಲ್ಲಿ ಒಂದು ಕಾಲಕ್ಕೆ ಸೆಲೊಫೇನ್ ಎಂಬ ಸೆಲ್ಯುಲೋಸ್ ಹಾಳೆಯನ್ನೇ ತಯಾರಿಸುತ್ತಿದ್ದ ರೇಯಾನ್ ಗಿರಣಿ. ಯೂರಿಯಾ, ಕೀಟನಾಶಕ, ಹೆಕ್ಸೇನ್ ದ್ರಾವಕ, ಸೆಲೊಫೇನ್ ನಾಲ್ಕಕ್ಕೂ ಇಲ್ಲಿ ವಿಳಾಸವಿದೆ.

ಪೊರೆಯ ಕೆಲಸವನ್ನು ಅಳೆಯಲು ಮೊದಲು ಅಣುಗಳ ತೂಕದ ಅಂದಾಜು ಬೇಕು. ಡಾಲ್ಟನ್ ಲೆಕ್ಕದಲ್ಲಿ ಅಡುಗೆ ಉಪ್ಪು 58, ಯೂರಿಯಾ 60, ಹೆಕ್ಸೇನ್ 86, ಗ್ಲೂಕೋಸ್ 180, ಮೆಣಸಿನ ಖಾರಕ್ಕೆ ಕಾರಣವಾದ ಪೈಪರಿನ್ 285, ಸಕ್ಕರೆ 342, ಅರಿಶಿನದ ಕರ್ಕ್ಯುಮಿನ್ 368, ಎಂಡೋಸಲ್ಫಾನ್ 407. ರಕ್ತದ ಅಲ್ಬುಮಿನ್ ಪ್ರೋಟೀನು 66 ಸಾವಿರದಷ್ಟು. ಸುಮಾರು 200ರಿಂದ 1000 ಡಾಲ್ಟನ್ ನಡುವಿನ ಅಣುಗಳನ್ನು ತಡೆಯುವುದು ನ್ಯಾನೊ ಸೋಸುವಿಕೆ. ಅದಕ್ಕಿಂತ ಸಣ್ಣ ಲವಣಗಳನ್ನೂ ತಡೆಯುವುದು ವಿಲೋಮ ಪರಾಸರಣ, ಊರೂರಿನ ನೀರಿನ ಘಟಕದವರ ಮಾತಿನಲ್ಲಿ ಆರ್‌ಒ. ಆದರೆ ಗಾತ್ರವೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಪೊರೆಯ ಮೈಮೇಲಿನ ವಿದ್ಯುದಾವೇಶ ಅದೇ ಆವೇಶದ ಅಯಾನನ್ನು ದೂರ ತಳ್ಳುತ್ತದೆ. ನೀರನ್ನು ಒಲ್ಲದ ಅಣುಗಳು ಪೊರೆಗೆ ಅಂಟಿಕೊಳ್ಳುತ್ತವೆ. ದಪ್ಪ ಹೆಚ್ಚಿದಷ್ಟೂ ಹರಿವು ಕುಗ್ಗುತ್ತದೆ. ಹಾಗಾಗಿ ಪೊರೆ ತಯಾರಕರ ಶ್ರಮವೆಲ್ಲ ತೆಳುವಾದ, ಆದರೂ ಒಂದೇ ಒಂದು ತೂತು ಬೀಳದ ಪದರವನ್ನು ಪಡೆಯುವುದಕ್ಕೇ ಮೀಸಲು.

1861ರಲ್ಲಿ ಥಾಮಸ್ ಗ್ರಹಾಂ ಗಂಧಕಾಮ್ಲದಲ್ಲಿ ಅದ್ದಿ ಬಿಗಿಗೊಳಿಸಿದ ಕಾಗದವನ್ನು ಬಳಸಿ, ಸಣ್ಣ ಅಣುಗಳು ಅದನ್ನು ದಾಟುತ್ತವೆ, ಅಂಟಿನಂಥವು ದಾಟುವುದಿಲ್ಲ ಎಂದು ತೋರಿಸಿದ. ಡಯಾಲಿಸಿಸ್ ಎಂಬ ಹೆಸರು ಕೊಟ್ಟವನೂ ಅವನೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ಜಾಕ್ ಬ್ರಾಂಡೆನ್‌ಬರ್ಗರ್ ಮರದ ತಿರುಳಿನಿಂದ ಪಾರದರ್ಶಕ ಸೆಲೊಫೇನ್ ಹಾಳೆ ತೆಗೆದರು. ಒದ್ದೆಯಾದ ಸೆಲೊಫೇನಿನ ರಂಧ್ರ ಎರಡು–ಮೂರು ನ್ಯಾನೊಮೀಟರ್. ಯೂರಿಯಾ ಸಲೀಸಾಗಿ ದಾಟುತ್ತದೆ, ರಕ್ತದ ಪ್ರೋಟೀನು ಉಳಿಯುತ್ತದೆ. 1943ರಲ್ಲಿ, ಜರ್ಮನರ ಹಿಡಿತದಲ್ಲಿದ್ದ ನೆದರ್‌ಲ್ಯಾಂಡ್ಸಿನ ಕಾಂಪೆನ್ ಊರಿನ ಆಸ್ಪತ್ರೆಯಲ್ಲಿ ವಿಲ್ಲೆಮ್ ಕೋಲ್ಫ್ ಮಾಂಸದ ಸಾಸೇಜಿಗೆ ಹೊದಿಸುವ ಸೆಲೊಫೇನ್ ಕೊಳವೆಯನ್ನೇ ಮರದ ಪಟ್ಟಿಗಳ ಪೀಪಾಯಿಗೆ ಸುತ್ತಿ, ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿ ಮೊದಲ ಉಪಯುಕ್ತ ಕೃತಕ ಮೂತ್ರಪಿಂಡವನ್ನು ನಡೆಸಿದರು. ಮೊದಲ ರೋಗಿಗಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. 1945ರಲ್ಲಿ ಒಬ್ಬಾಕೆ ಬದುಕಿದರು. ಅಲ್ಲಿಂದ ಈ ಚಿಕಿತ್ಸೆಗೆ ದಾರಿ ತೆರೆಯಿತು.

ಅದೇ ಸೆಲೊಫೇನ್ ಪೆರಿಯಾರ್ ತೀರದಲ್ಲೂ ತಯಾರಾಗುತ್ತಿತ್ತು. ಎಂ. ಸಿ.ಟಿ. ಎಂ. ಚಿದಂಬರಂ ಚೆಟ್ಟಿಯಾರ್ ಅವರು 1940ರ ದಶಕದಲ್ಲಿ ಪೆರುಂಬಾವೂರಿನಲ್ಲಿ ಹುಟ್ಟುಹಾಕಿದ ಟ್ರಾವಂಕೂರ್ ರೇಯಾನ್ಸ್ ಭಾರತದ ಮೊದಲ ರೇಯಾನ್ ಗಿರಣಿ; 1950ರಲ್ಲಿ ಉತ್ಪಾದನೆ ಶುರುವಾಯಿತು, ನೂಲಿನ ಜೊತೆಗೆ ಸೆಲೊಫೇನ್ ಹಾಳೆಯೂ ಬಂತು. ಬೀಡಿ, ಬಿಸ್ಕತ್ತು, ಮಿಠಾಯಿಗಳ ಹೊದಿಕೆಗೆ ಹೋಗುವಂಥ ಹಾಳೆ ಅದು. ಅಗ್ಗದ ಪ್ಲಾಸ್ಟಿಕ್ ಹಾಳೆ ಬಂದ ಮೇಲೆ ಸೆಲೊಫೇನಿನ ಪೇಟೆ ಎಲ್ಲೆಡೆ ಕುಸಿಯಿತು. ಪೆರುಂಬಾವೂರಿನ ಗಿರಣಿಯೂ ಮುಚ್ಚಿತು. ಸೆಲ್ಯುಲೋಸನ್ನು ಕರಗಿಸಿ ಹಾಳೆಯಾಗಿ ಎಳೆಯುವ ಕೈಕಸುಬು ಬಲ್ಲ ಕಾರ್ಮಿಕರ ಒಂದು ತಲೆಮಾರು ಅದರೊಂದಿಗೇ ಚದುರಿಹೋಯಿತು. ಅದೇ ಜಿಲ್ಲೆಯಲ್ಲಿ ಇಂದು ಸೆಲ್ಯುಲೋಸ್ ಪೊರೆಯನ್ನು ಹೊಸದೆಂಬಂತೆ ಕಲಿಯಬೇಕಾಗಿರುವುದು ನಷ್ಟವೇ ಸರಿ.

ಡಯಾಲಿಸಿಸ್‌ನಲ್ಲಿ ಸೆಲ್ಯುಲೋಸಿನ ಯಜಮಾನಿಕೆ 1970ರ ದಶಕದಲ್ಲೂ ನಡೆದಿತ್ತು. ತಾಮ್ರ ಮತ್ತು ಅಮೋನಿಯಾ ದ್ರಾವಣದಲ್ಲಿ ಹತ್ತಿಯ ಸೆಲ್ಯುಲೋಸನ್ನು ಕರಗಿಸಿ ಮಾಡಿದ ಕುಪ್ರೊಫಾನ್ ಎಂಬ ಪೊರೆ ಎಲ್ಲೆಡೆ ಬಳಕೆಯಲ್ಲಿತ್ತು. ಆ ದಶಕದ ಕೊನೆಗೆ ಅದರ ದೋಷ ಬಯಲಾಯಿತು. ಸೆಲ್ಯುಲೋಸಿನ ಮೈತುಂಬ ಇರುವ ಹೈಡ್ರಾಕ್ಸಿಲ್ ಗುಂಪುಗಳು ರಕ್ತದ ರಕ್ಷಣಾ ಪ್ರೋಟೀನುಗಳನ್ನು ಕೆರಳಿಸುತ್ತವೆ. ಡಯಾಲಿಸಿಸ್ ಶುರುವಾದ ಮೊದಲ ಅರ್ಧ ಗಂಟೆಯೊಳಗೆ ಬಿಳಿರಕ್ತಕಣಗಳ ಸಂಖ್ಯೆ ಕುಸಿಯುತ್ತದೆ. ಆ ಹೈಡ್ರಾಕ್ಸಿಲ್‌ಗಳಿಗೆ ಅಸಿಟೇಟ್ ಜೋಡಿಸಿದಾಗ ತೊಂದರೆ ಬಹಳ ಮಟ್ಟಿಗೆ ತಗ್ಗಿತು. ಸೆಲ್ಯುಲೋಸ್ ಟ್ರೈಅಸಿಟೇಟ್ ಪೊರೆಗಳು ಈಗಲೂ ಬಳಕೆಯಲ್ಲಿವೆ. ಆದರೆ ಹೆಚ್ಚಿನ ಕಡೆ ಪಾಲಿಸಲ್ಫೋನ್ ಎಂಬ ಪ್ಲಾಸ್ಟಿಕ್ ಗೆದ್ದಿದೆ. ಎಡಪ್ಪಳ್ಳಿಯಂಥ ಊರಿನ ದೊಡ್ಡ ಆಸ್ಪತ್ರೆಯಿಂದ ಹಿಡಿದು, 2016ರ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಯೋಜನೆಯಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಬಂದ ಘಟಕಗಳವರೆಗೆ ಕೆಲಸದ ಬಗೆ ಒಂದೇ: ಅಂಗೈ ಅಗಲದ ಕೊಳವೆಯೊಳಗೆ ಹತ್ತು ಸಾವಿರದಷ್ಟು ಟೊಳ್ಳು ಎಳೆಗಳು, ಒಳಗೆ ರಕ್ತ, ಹೊರಗೆ ನಿಮಿಷಕ್ಕೆ ಸುಮಾರು 500 ಮಿಲಿಲೀಟರ್ ದ್ರಾವಣ. ನಾಲ್ಕು ಗಂಟೆಗೆ 120 ಲೀಟರ್ ಶುದ್ಧ ನೀರು ಒಬ್ಬ ರೋಗಿಗೇ ಬೇಕು. ಆ ನೀರನ್ನು ಕೊಡುವುದು ಇನ್ನೊಂದು ಪೊರೆ, ಆರ್‌ಒ.

ಆರ್‌ಒ ಪೊರೆಯೂ ಹುಟ್ಟಿದ್ದು ಸೆಲ್ಯುಲೋಸಿನಿಂದಲೇ, ಅದರಲ್ಲಿ ಭಾರತೀಯನೊಬ್ಬನ ಪಾಲೂ ಇದೆ. ಸೆಲ್ಯುಲೋಸ್ ಅಸಿಟೇಟ್ ಹಾಳೆ ಉಪ್ಪನ್ನು ತಡೆಯುತ್ತದೆ ಎಂದು 1950ರ ದಶಕದ ಕೊನೆಗೆ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಗೊತ್ತಾಗಿತ್ತು. ಆದರೆ ನೀರು ಬರುತ್ತಿದ್ದುದು ಹನಿ ಹನಿಯಾಗಿ. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಶ್ರೀನಿವಾಸ ಸೌರಿರಾಜನ್ ಅಸಿಟೋನಿನಲ್ಲಿ ಕರಗಿಸಿದ ಸೆಲ್ಯುಲೋಸ್ ಅಸಿಟೇಟನ್ನು ಗಾಜಿನ ಮೇಲೆ ಸವರಿ, ಕ್ಷಣಕಾಲ ಗಾಳಿಗೆ ಬಿಟ್ಟು, ಐಸ್ ನೀರಿನಲ್ಲಿ ಮುಳುಗಿಸಿ, ಬಳಿಕ ಬಿಸಿನೀರಿನಲ್ಲಿ ಕಾಯಿಸಿದರು. ಹಾಳೆಯ ಮೇಲ್ಮೈಯಲ್ಲಿ ಮೈಕ್ರೊಮೀಟರಿನ ಒಂದಂಶದಷ್ಟು ತೆಳುವಾದ ಗಟ್ಟಿ ಚರ್ಮ, ಅದರಡಿ ನೂರು ಮೈಕ್ರೊಮೀಟರಿನಷ್ಟು ರಂಧ್ರಮಯ ಒಡಲು. ಉಪ್ಪು ತಡೆಯುವುದು ಚರ್ಮ, ಒತ್ತಡ ತಾಳುವುದು ಒಡಲು. ಹರಿವು ಹಲವು ಪಟ್ಟು ಏರಿತು. 1965ರಲ್ಲಿ ಕ್ಯಾಲಿಫೋರ್ನಿಯಾದ ಕೋಲಿಂಗಾ ಊರಿಗೆ ಆ ಪೊರೆಯಿಂದ ಕುಡಿಯುವ ನೀರು ಬಂತು. ಇಂದಿನ ಪ್ಲಾಸ್ಟಿಕ್ ಪೊರೆಗಳೂ ಗಟ್ಟಿ ಚರ್ಮ, ಸಡಿಲ ಒಡಲು ಎಂಬ ಆ ಕಟ್ಟುವಿಕೆಯನ್ನೇ ಅನುಸರಿಸುತ್ತವೆ. 1970ರ ದಶಕದಲ್ಲಿ ಜಾನ್ ಕಡಾಟ್ ರೂಪಿಸಿದ ಪಾಲಿಅಮೈಡ್ ಪೊರೆ ಕಡಿಮೆ ಒತ್ತಡದಲ್ಲಿ ಹೆಚ್ಚು ನೀರು ಕೊಟ್ಟು ಅಸಿಟೇಟನ್ನು ಮೂಲೆಗೆ ಸರಿಸಿತು. ಅಸಿಟೇಟಿಗೆ ಒಂದು ಅನುಕೂಲ ಉಳಿದಿದೆ: ಅಲ್ಪ ಪ್ರಮಾಣದ ಕ್ಲೋರಿನ್ ಅದಕ್ಕೆ ಸಹ್ಯ, ಪಾಲಿಅಮೈಡಿಗೆ ಅದೇ ವಿಷ. ಆದರೆ ನೀರು ಸ್ವಲ್ಪ ಕ್ಷಾರೀಯವಾದರೂ ಅಸಿಟೇಟ್ ಕಳಚುತ್ತ ಹೋಗುತ್ತದೆ. ಪಾವಗಡ, ಕೋಲಾರದ ಫ್ಲೋರೈಡ್ ತುಂಬಿದ ಕೊಳವೆಬಾವಿಗಳ ನೀರು ಸಾಮಾನ್ಯವಾಗಿ ಕ್ಷಾರೀಯವೇ. ಉಪ್ಪು, ಫ್ಲೋರೈಡ್ ತೆಗೆಯುವ ಕೆಲಸದಲ್ಲಿ ಸಸ್ಯಮೂಲ ಪೊರೆ ಮತ್ತೆ ಗೆಲ್ಲುತ್ತದೆಂಬ ನಿರೀಕ್ಷೆಗೆ ಸದ್ಯ ಆಧಾರ ಕಡಿಮೆ.

ಈಗಿನ ಸಂಶೋಧನೆಯ ಹುರುಪು ನ್ಯಾನೊಸೆಲ್ಯುಲೋಸಿನ ಸುತ್ತ ಇದೆ. ಇಲ್ಲಿ ಸೆಲ್ಯುಲೋಸನ್ನು ಕರಗಿಸುವುದಿಲ್ಲ. ಗಿಡವೇ ಹೆಣೆದ ಅತಿ ಸಣ್ಣ ಎಳೆಗಳನ್ನು ಬಿಡಿಸಿಕೊಳ್ಳುತ್ತಾರೆ. ಟೋಕಿಯೊ ವಿಶ್ವವಿದ್ಯಾಲಯದ ಅಕಿರಾ ಇಸೊಗಾಯಿ ಮತ್ತು ಸಂಗಡಿಗರು 2006ರ ಹೊತ್ತಿಗೆ ತೋರಿಸಿದ ಉತ್ಕರ್ಷಣ ವಿಧಾನದಲ್ಲಿ ಮೂರು–ನಾಲ್ಕು ನ್ಯಾನೊಮೀಟರ್ ಅಗಲದ ಎಳೆಗಳು ಸಿಗುತ್ತವೆ. ಕೇರಳದಲ್ಲಿ ಈ ಕೆಲಸಕ್ಕೆ ಹೆಸರಾದದ್ದು ಕೊಟ್ಟಾಯಂನ ಮಹಾತ್ಮ ಗಾಂಧಿ ವಿಶ್ವವಿದ್ಯಾಲಯದ ಸಾಬು ಥಾಮಸ್ ಅವರ ಬಳಗ. ಅನಾನಸ್ ಎಲೆಯ ನಾರು, ಬಾಳೆನಾರುಗಳಿಂದ ಅವರು ಹಬೆಯ ಸಿಡಿತದ ವಿಧಾನದಲ್ಲಿ ನ್ಯಾನೊಸೆಲ್ಯುಲೋಸ್ ತೆಗೆದರು. ನಾರನ್ನು ಕ್ಷಾರದಲ್ಲಿ ನೆನೆಸಿ ಮುಚ್ಚಿದ ಪಾತ್ರೆಯಲ್ಲಿ ಒತ್ತಡದ ಹಬೆಗೆ ಒಡ್ಡಿ, ಒಮ್ಮೆಲೆ ಒತ್ತಡ ಬಿಟ್ಟರೆ ಒಳಗಿನ ತೇವ ಹಬೆಯಾಗಿ ಉಬ್ಬಿ ನಾರು ಒಳಗಿಂದಲೇ ಬಿರಿಯುತ್ತದೆ. ಬಳಿಕ ಎಳೆಗಳನ್ನು ಬಿಗಿಹಿಡಿದ ಲಿಗ್ನಿನ್ ಎಂಬ ವಸ್ತುವನ್ನು ಬಿಳಿಚಿಸಿ ತೆಗೆದು, ಆಕ್ಸಾಲಿಕ್ ಆಮ್ಲದೊಡನೆ ಮತ್ತೆ ಹಬೆಗಿಟ್ಟು ಕಲಕಿದರೆ ಗಂಜಿಯಂಥ ಬಿಳಿ ದ್ರವ ಉಳಿಯುತ್ತದೆ. ಅದನ್ನು ನಿರ್ವಾತದಿಂದ ಹೀರಿ ಸೋಸಿದಾಗ ತಳದಲ್ಲಿ ಕೂರುವ ಪದರವೇ ಪೊರೆ. ಮೂವಾಟ್ಟುಪುಳ ಬಳಿಯ ವಾಳಕ್ಕುಳಂ ಅನಾನಸ್‌ಗೆ ಭೌಗೋಳಿಕ ಗುರುತಿದೆ. ಹಣ್ಣು ಕೊಯ್ದ ಮೇಲೆ ಎಲೆ ತೋಟದಲ್ಲೇ ಉಳಿಯುತ್ತದೆ. ಬನವಾಸಿ, ಸಿರಸಿ ಸುತ್ತಲಿನ ಅನಾನಸ್ ಬೆಳೆಗಾರರ ಸ್ಥಿತಿಯೂ ಅದೇ. ಕಚ್ಚಾವಸ್ತುವಿನ ಕೊರತೆ ಎಲ್ಲೂ ಇಲ್ಲ.

ಕೊರತೆ ಇರುವುದು ಬೇರೆಡೆ. ನೂರು ಲೀಟರ್ ಗಂಜಿಯಲ್ಲಿ ಸೆಲ್ಯುಲೋಸ್ ಇರುವುದು ಒಂದು ಕಿಲೋ ಆಸುಪಾಸು. ಉಳಿದ ನೀರನ್ನು ಬಸಿಯಲು ಗಂಟೆಗಟ್ಟಲೆ ಹಿಡಿಯುತ್ತದೆ. ಅಂಗೈಯಗಲದ ಪೊರೆ ಮಾಡುವ ಪ್ರಯೋಗಾಲಯಕ್ಕೆ ಅದು ತೊಡಕಲ್ಲ, ಮೀಟರುಗಟ್ಟಲೆ ಮಾಡಬೇಕಾದ ಕಾರ್ಖಾನೆಗೆ ಅದೇ ಗೋಡೆ. ಒಣಗಿದ ಪೊರೆ ನೀರು ಕಂಡೊಡನೆ ಉಬ್ಬುತ್ತದೆ, ಎಳೆಗಳ ನಡುವಿನ ಸಂದು ಹಿಗ್ಗುತ್ತದೆ, ತಡೆಯಬೇಕಾದ ಅಣು ನುಸುಳುತ್ತದೆ. ಎಳೆಗಳನ್ನು ರಾಸಾಯನಿಕವಾಗಿ ಬೆಸೆದರೆ ಉಬ್ಬುವುದು ನಿಲ್ಲುತ್ತದೆ, ಹರಿವೂ ಇಳಿಯುತ್ತದೆ.

ಪರೀಕ್ಷೆಯ ಕ್ರಮದಲ್ಲೂ ಒಂದು ದೊಡ್ಡ ದೌರ್ಬಲ್ಯವಿದೆ, ಈ ಕ್ಷೇತ್ರದ ವರದಿಗಳನ್ನು ಓದುವವರು ಅದನ್ನು ಮರೆಯಬಾರದು. ಪೊರೆಯ ಸಾಮರ್ಥ್ಯ ತೋರಿಸಲು ಸಾಮಾನ್ಯವಾಗಿ ಮೆಥಿಲೀನ್ ಬ್ಲೂ ಅಥವಾ ಕಾಂಗೋ ರೆಡ್ ಬಣ್ಣದ ನೀರನ್ನು ಹಾಯಿಸುತ್ತಾರೆ. ಈ ಕಡೆ ನೀಲಿ ನೀರು, ಆ ಕಡೆ ತಿಳಿನೀರು, ಚಿತ್ರ ಮನಸೆಳೆಯುತ್ತದೆ. ಆದರೆ ಮೆಥಿಲೀನ್ ಬ್ಲೂ ಧನಾವೇಶದ ಅಣು, ಉತ್ಕರ್ಷಿತ ಸೆಲ್ಯುಲೋಸಿನ ಮೈ ಋಣಾವೇಶದ್ದು. ಬಣ್ಣ ತಡೆಯಲ್ಪಡುವುದಿಲ್ಲ, ಪೊರೆಗೆ ಅಂಟಿಕೊಳ್ಳುತ್ತದೆ. ಅಂಟುವ ಜಾಗವೆಲ್ಲ ತುಂಬಿದ ಮೇಲೆ ಆಚೆಗೂ ನೀಲಿ ನೀರೇ ಬರುತ್ತದೆ; ಹತ್ತಾರು ಮಿಲಿಲೀಟರ್ ಹಾಯಿಸಿ ನಿಲ್ಲಿಸಿದವರಿಗೆ ಅದು ಕಾಣುವುದಿಲ್ಲ. ಕಾಂಗೋ ರೆಡ್ ಅಣುಗಳೋ ನೀರಿನಲ್ಲಿ ಗುಂಪುಗೂಡಿ ತಮ್ಮ 697 ಡಾಲ್ಟನ್ ತೂಕಕ್ಕಿಂತ ಬಹಳ ದೊಡ್ಡ ಕಣಗಳಂತೆ ವರ್ತಿಸುತ್ತವೆ. ಆವೇಶವಿಲ್ಲದ, ಅಂಟದ, ಗುಂಪುಗೂಡದ ಅಣುಗಳನ್ನು ದಿನಗಟ್ಟಲೆ ಹಾಯಿಸಿ, ಎರಡೂ ಬದಿಯ ಪ್ರಮಾಣ ಲೆಕ್ಕ ಹಾಕಿದಾಗ ಮಾತ್ರ ಪೊರೆಯ ನಿಜವಾದ ಯೋಗ್ಯತೆ ತಿಳಿಯುವುದು.

ತಡೆಯುವುದಕ್ಕೂ ಅಂಟುವುದಕ್ಕೂ ಇರುವ ಈ ವ್ಯತ್ಯಾಸ ಕೇವಲ ಪಾಂಡಿತ್ಯದ ಮಾತಲ್ಲ. ಏಲೂರಿನ ಉದ್ಯೋಗಮಂಡಲದಲ್ಲಿ ಕೇಂದ್ರ ಸರ್ಕಾರದ ಹಿಂದೂಸ್ತಾನ್ ಇನ್ಸೆಕ್ಟಿಸೈಡ್ಸ್ ಕಾರ್ಖಾನೆ ಡಿಡಿಟಿಯ ಜೊತೆಗೆ ಎಂಡೋಸಲ್ಫಾನನ್ನೂ ತಯಾರಿಸುತ್ತಿತ್ತು. ಕನ್ನಡ ಮಾತಾಡುವ ಜನರಿರುವ ಕಾಸರಗೋಡಿನ ಎಣ್ಮಕಜೆ, ಪಡ್ರೆ ಸುತ್ತಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದದ್ದು ಎಂಡೋಸಲ್ಫಾನೇ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯಲ್ಲೂ ಅದರ ಪರಿಣಾಮ ಇಂದಿಗೂ ಮನೆಮನೆಯಲ್ಲಿದೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. ಗುಡ್ಡ ಕೊರೆದ ಸುರಂಗಗಳಿಂದ ಜಿನುಗುವ ನೀರನ್ನೇ ಕುಡಿಯುವ ಆ ಊರುಗಳಲ್ಲಿ ಪೊರೆಯೊಂದು ಈ ವಿಷವನ್ನು ತಡೆಯುತ್ತದೆಯೇ ಎಂಬುದು ಬದುಕಿನ ಪ್ರಶ್ನೆ. ಎಂಡೋಸಲ್ಫಾನ್ ನೀರಿನಲ್ಲಿ ಲೀಟರಿಗೆ ಮಿಲಿಗ್ರಾಮಿನ ಒಂದಂಶದಷ್ಟು ಮಾತ್ರ ಕರಗುತ್ತದೆ. ಹೆಚ್ಚಿನದು ಮಣ್ಣಿನ ಕಣಕ್ಕೆ ಅಂಟಿರುತ್ತದೆ. ಮಣ್ಣಿನ ಕಣವನ್ನು ಯಾವ ಸೆಲ್ಯುಲೋಸ್ ಪೊರೆಯಾದರೂ ತಡೆದೀತು. ಕರಗಿದ ಪಾಲನ್ನು ತಡೆಯಲು 400 ಡಾಲ್ಟನ್ನಿಗಿಂತ ಬಿಗಿಯಾದ ನ್ಯಾನೊ ಸೋಸುವಿಕೆ ಬೇಕು. ನೀರೊಲ್ಲದ ಅಣುವಾದ್ದರಿಂದ ಅದು ಪ್ಲಾಸ್ಟಿಕ್ ಪೊರೆಯಲ್ಲಿ ಮೊದಲು ಹೀರಲ್ಪಟ್ಟು, ನಿಧಾನವಾಗಿ ಆಚೆ ಬದಿಗೆ ಇಳಿಯಬಹುದು. ನೀರುಪ್ರಿಯ ಸೆಲ್ಯುಲೋಸಿನಲ್ಲಿ ಹಾಗೆ ಇಂಗುವುದು ಕಡಿಮೆ. ಸಸ್ಯಮೂಲ ಪೊರೆಗೆ ನಿಜವಾಗಿ ಹೊಂದುವ ಕೆಲಸಗಳಲ್ಲಿ ಇದೊಂದು.

ಇನ್ನೊಂದು, ಬಹುಶಃ ಎಲ್ಲಕ್ಕಿಂತ ಹೆಚ್ಚು ಹೊಂದುವಂಥದು, ದ್ರಾವಕಗಳ ಲೋಕದಲ್ಲಿದೆ. ಸಿ. ವಿ. ಜೇಕಬ್ 1972ರಲ್ಲಿ ಕೋಲಂಚೇರಿ ಬಳಿ ಆರಂಭಿಸಿದ ಸಿಂಥೈಟ್ ಸೇರಿದಂತೆ ಎರ್ನಾಕುಳಂ ಜಿಲ್ಲೆಯ ಹಲವು ಕಾರ್ಖಾನೆಗಳು ಕಾಳುಮೆಣಸು, ಮೆಣಸಿನಕಾಯಿ, ಅರಿಶಿನ, ಶುಂಠಿಗಳಿಂದ ಓಲಿಯೊರೆಸಿನ್ ಎಂಬ ಸಾರ ತೆಗೆಯುತ್ತವೆ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬಣ್ಣಕ್ಕೆ ಬೇಡಿಕೆ ಇರುವುದೂ ಇದೇ ಉದ್ಯಮದಿಂದ. ಪುಡಿಯ ಮೇಲೆ ಹೆಕ್ಸೇನ್, ಅಸಿಟೋನ್ ಅಥವಾ ಈಥೈಲ್ ಅಸಿಟೇಟ್ ಹರಿಸಿ ಸಾರ ಇಳಿಸುತ್ತಾರೆ, ಬಳಿಕ ದ್ರಾವಕವನ್ನೆಲ್ಲ ಕಾಯಿಸಿ ಹಾರಿಸಿ ಮರಳಿ ಹಿಡಿಯುತ್ತಾರೆ. ಅಮೆರಿಕದ ನಿಯಮದಂತೆ ಸಾರದಲ್ಲಿ ಉಳಿಯುವ ಹೆಕ್ಸೇನ್ 25 ಪಿಪಿಎಂ ಮೀರಬಾರದು. ಇಂಧನ ಸುಡುವುದೂ ಪರಿಮಳ ಹಾಳಾಗುವುದೂ ಈ ಕಾಯಿಸುವಿಕೆಯಲ್ಲೇ. ಬೇರ್ಪಡಿಸುವ ಕೆಲಸಗಳು ಅಮೆರಿಕದ ಒಟ್ಟು ಇಂಧನ ಬಳಕೆಯ ಶೇ. 10ರಿಂದ 15ನ್ನು ನುಂಗುತ್ತವೆ ಎಂದು ಡೇವಿಡ್ ಶೋಲ್ ಮತ್ತು ರಯಾನ್ ಲೈವ್ಲಿ 2016ರಲ್ಲಿ ಲೆಕ್ಕ ಕೊಟ್ಟರು; ಅದರಲ್ಲಿ ಬಟ್ಟಿಯಿಳಿಸುವಿಕೆಯದೇ ದೊಡ್ಡ ಪಾಲು. 86 ಡಾಲ್ಟನ್‌ನ ಹೆಕ್ಸೇನನ್ನು ಬಿಟ್ಟು 285ರ ಪೈಪರಿನನ್ನು ತಡೆಯುವ ಪೊರೆ ಸಿಕ್ಕರೆ ದ್ರಾವಕದ ಬಹುಪಾಲನ್ನು ಬಿಸಿಯಿಲ್ಲದೆ ಮರಳಿ ಪಡೆಯಬಹುದು.

ಪಾಲಿಸಲ್ಫೋನಿನಂಥ ಪ್ಲಾಸ್ಟಿಕ್ ಇಂಥ ಹಲವು ದ್ರಾವಕಗಳಲ್ಲಿ ಉಬ್ಬುತ್ತದೆ, ಕೆಲವದರಲ್ಲಿ ಕರಗುತ್ತದೆ. ಸೆಲ್ಯುಲೋಸ್ ಹೆಕ್ಸೇನಿಗೂ ಅಸಿಟೋನಿಗೂ ಜಗ್ಗುವುದಿಲ್ಲ. ಅದರ ತೊಡಕು ಬೇರೆ: ನೀರಿನಿಂದ ನೇರ ಒಣಗಿಸಿದರೆ ಎಳೆಗಳು ಒಂದಕ್ಕೊಂದು ಬೆಸೆದು ರಂಧ್ರ ಮುಚ್ಚಿಹೋಗುತ್ತದೆ. ಆದ್ದರಿಂದ ನೀರಿನ ಬದಲಿಗೆ ಆಲ್ಕೋಹಾಲ್, ಆಲ್ಕೋಹಾಲಿನ ಬದಲಿಗೆ ಹೆಕ್ಸೇನ್ ಎಂದು ಹಂತ ಹಂತವಾಗಿ ದ್ರವ ಬದಲಿಸಬೇಕು. ಸಾರ ಮಂದವಾದಂತೆ ಪೊರೆಯ ಹರಿವು ಸೊರಗುವುದರಿಂದ ಕೊನೆಯ ಹಂತಕ್ಕೆ ಕಾಯಿಸುವಿಕೆ ಬೇಕೇ ಬೇಕು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಹಣ್ಣಿನ ರಸ, ಖಾದ್ಯತೈಲಗಳ ಪೊರೆ ಸಂಸ್ಕರಣೆಯ ಬಗ್ಗೆ ದೀರ್ಘ ಕೆಲಸ ನಡೆದಿದೆ. ತಿರುವನಂತಪುರದ ಪಾಪ್ಪನಂಕೋಡಿನಲ್ಲಿ 1975ರಲ್ಲಿ ಆರಂಭವಾಗಿ 2007ರಿಂದ ಎನ್‌ಐಐಎಸ್‌ಟಿ ಎಂಬ ಹೆಸರು ಪಡೆದ ಸಂಸ್ಥೆಗೆ ಸಾಂಬಾರ ಪದಾರ್ಥಗಳ ಸಂಸ್ಕರಣೆಯಲ್ಲೂ ಕೃಷಿ ತ್ಯಾಜ್ಯದ ಬಳಕೆಯಲ್ಲೂ ಅನುಭವವಿದೆ. ಈ ಎರಡು ಅನುಭವ ಕೊಟ್ಟಾಯಂನ ನಾರಿನ ವಿದ್ಯೆಯೊಂದಿಗೆ ಕೂಡಿದರೆ ಕೋಲಂಚೇರಿಯೇ ಅದರ ಮೊದಲ ಪರೀಕ್ಷಾ ಕಣವಾಗಬಲ್ಲದು.

ಗಿಡವನ್ನು ಪುಡಿ ಮಾಡದೆ ಅದು ಕಟ್ಟಿದ ಜರಡಿಯನ್ನೇ ಬಳಸುವ ಯೋಚನೆಯೂ ಇದೆ. 2014ರಲ್ಲಿ ಅಮೆರಿಕದ ಎಂಐಟಿಯ ರೋಹಿತ್ ಕಾರ್ಣಿಕ್ ಬಳಗ ಪೈನ್ ಕೊಂಬೆಯ ತುಂಡನ್ನೇ ಕೊಳವೆಗೆ ಸಿಕ್ಕಿಸಿ ಬ್ಯಾಕ್ಟೀರಿಯಾ ಸೋಸಿ ತೋರಿಸಿತು. ಮುಂದೆ ಭಾರತದಲ್ಲೂ ಅದರ ಪ್ರಯೋಗ ನಡೆಯಿತು. ಆದರೆ ಮರ ಸಣ್ಣ ಅಣುಗಳನ್ನು ತಡೆಯುವುದಿಲ್ಲ, ಮೇಲಾಗಿ ಇದಕ್ಕೆ ಶಂಕುಧಾರಿ ಮರವೇ ಬೇಕು. ಪಶ್ಚಿಮ ಘಟ್ಟದ ಸ್ವಂತ ಶಂಕುಧಾರಿ ಒಂದೇ ಒಂದು, ನಾಗೇಯಾ ವಾಲಿಚಿಯಾನ. ವಾಗಮಣ್‌ನ ಪೈನ್ ತೋಪು ನೆಟ್ಟು ಬೆಳೆಸಿದ್ದು. ಉಪ್ಪನ್ನು ತಡೆಯುವ ಗಿಡ ಬೇಕಿದ್ದರೆ ಕೊಚ್ಚಿಯ ಹೈಕೋರ್ಟಿನ ಹಿಂದಿರುವ ಮಂಗಳವನದ ಕಾಂಡ್ಲಾ (ಮ್ಯಾಂಗ್ರೋವ್) ಇದೆ. ಅದರ ಬೇರು ಉಪ್ಪಿನ ಬಹುಪಾಲನ್ನು ಹೊರಗೇ ನಿಲ್ಲಿಸುತ್ತದೆ. ಆ ತಡೆ ಸೆಲ್ಯುಲೋಸಿನದಲ್ಲ, ಬೇರಿನ ಒಳಪದರದ ಸುಬೆರಿನ್ ಎಂಬ ಮೇಣದಂಥ ವಸ್ತುವಿನದು.

ಸಸ್ಯಮೂಲ ಎಂದ ಮಾತ್ರಕ್ಕೆ ಪೊರೆ ನಿರಪಾಯಕಾರಿ ಆಗುವುದಿಲ್ಲ. ಸೆಲೊಫೇನ್, ರೇಯಾನ್ ಎರಡಕ್ಕೂ ತಿರುಳನ್ನು ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡಿನಲ್ಲಿ ಕರಗಿಸಬೇಕು. ಎರಡನೆಯದು ನರಮಂಡಲಕ್ಕೆ ವಿಷ. ಮಾವೂರಿನ ಬಿದಿರು ತಿರುಳಿನ ಗಿರಣಿಯಿಂದ ಚಾಲಿಯಾರ್ ನದಿಗೆ ಬಂದ ಗತಿ ಕೇರಳ ಮರೆತಿಲ್ಲ. ತುಂಗಭದ್ರೆಯ ದಂಡೆಯ ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್‌ಗೆ ನೀಲಗಿರಿ ಒದಗಿಸಲು ಗೋಮಾಳಗಳನ್ನು ಕೊಟ್ಟಾಗ ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠ ಮತ್ತು ಹಳ್ಳಿಗರು 1987ರಲ್ಲಿ ಕುಸನೂರಿನಲ್ಲಿ ಕಿತ್ತಿಕೋ–ಹಚ್ಚಿಕೋ ಸತ್ಯಾಗ್ರಹ ಹೂಡಿ ನೀಲಗಿರಿ ಸಸಿ ಕಿತ್ತು ಜನೋಪಯೋಗಿ ಸಸಿ ನೆಟ್ಟರು. ಪೊರೆಗೆ ಬೇಕಾದ ಸೆಲ್ಯುಲೋಸ್ ಯಾರ ನೆಲದಿಂದ, ಯಾವ ರಾಸಾಯನಿಕದಿಂದ ಬರುತ್ತದೆ ಎಂಬುದು ಪೊರೆಯ ರಂಧ್ರದಷ್ಟೇ ಮುಖ್ಯವಾದ ಲೆಕ್ಕ. ವುಹಾನಿನ ಲೀನಾ ಝಾಂಗ್ ರೂಪಿಸಿದ, ಸೊನ್ನೆಗಿಂತ 12 ಡಿಗ್ರಿ ಕೆಳಗೆ ಸೋಡಾ ಮತ್ತು ಯೂರಿಯಾದಲ್ಲಿ ಸೆಲ್ಯುಲೋಸ್ ಕರಗಿಸುವ ವಿಧಾನದಲ್ಲಿ ಕಾರ್ಬನ್ ಡೈಸಲ್ಫೈಡ್ ಬೇಡವೇ ಬೇಡ.

ಕೇರಳಕ್ಕೆ ಇನ್ನೂ ಸರಳವಾದ ದಾರಿಯೊಂದು ಹತ್ತಿರದಲ್ಲೇ ಇದೆ. ಕೊಬ್ಬರಿ ಮತ್ತು ತುರಿ ಘಟಕಗಳಲ್ಲಿ ಬಲಿತ ತೆಂಗಿನಕಾಯಿಯ ನೀರು ಚರಂಡಿ ಸೇರುತ್ತದೆ. ಅದಕ್ಕೆ ಸಕ್ಕರೆ, ಒಂದಿಷ್ಟು ಅಸಿಟಿಕ್ ಆಮ್ಲ ಬೆರೆಸಿ ತಕ್ಕ ಬ್ಯಾಕ್ಟೀರಿಯಾ ಬಿಟ್ಟು, ಅಗಲ ತಟ್ಟೆಯಲ್ಲಿ ಅಲುಗಾಡಿಸದೆ ಇಟ್ಟರೆ ಎರಡು ವಾರದೊಳಗೆ ಮೇಲೆ ಸೆಂಟಿಮೀಟರ್ ದಪ್ಪದ ಬೆಳ್ಳನೆ ಲೋಳೆಹಾಳೆ ಕಟ್ಟುತ್ತದೆ. ಫಿಲಿಪೀನ್ಸಿನಲ್ಲಿ ಅದು ನಾಟಾ ಡಿ ಕೊಕೊ ಎಂಬ ತಿನಿಸು. ಕೇರಳದ ಮಲೈ ಸಂಸ್ಥೆ ಅದರಿಂದ ಚರ್ಮದಂಥ ವಸ್ತು ಮಾಡುತ್ತದೆ. ಅದು ಶುದ್ಧ ಸೆಲ್ಯುಲೋಸ್, ಲಿಗ್ನಿನ್ ತೆಗೆಯುವ ಶ್ರಮವಿಲ್ಲ; ಕ್ಷಾರದಲ್ಲಿ ತೊಳೆದು ಒತ್ತಿ ಒಣಗಿಸಿದರೆ ಕಾಗದದಷ್ಟು ತೆಳುವಾಗುತ್ತದೆ. ಎಳೆ ಹೆಣೆದದ್ದು ಬ್ಯಾಕ್ಟೀರಿಯಾ, ಅದಕ್ಕೆ ಊಟ ತೆಂಗಿನದು. ಸಂದುಗಳು ಹತ್ತಾರು ನ್ಯಾನೊಮೀಟರ್ ಇರುವುದರಿಂದ ಇದು ಒಡಲಾಗಬಲ್ಲದು. ಅಣು ತಡೆಯುವ ಚರ್ಮವನ್ನು ಅದರ ಮೇಲೆ ಬೇರೆಯಾಗಿ ಕೂರಿಸಬೇಕು.

ಕೊನೆಯದು ಹಳತಾದ ಪೊರೆಯ ಪ್ರಶ್ನೆ. ಕರ್ನಾಟಕದ ಹಳ್ಳಿಗಳಲ್ಲಿ ತೆರೆದಿರುವ ಶುದ್ಧ ಕುಡಿಯುವ ನೀರಿನ ಘಟಕಗಳಿಂದ ಕೆಲವು ವರ್ಷಕ್ಕೊಮ್ಮೆ ಹಳೆಯ ಆರ್‌ಒ ಸುರುಳಿಗಳು ಹೊರಬೀಳುತ್ತವೆ. ಸೆಲ್ಯುಲೋಸ್ ಮಣ್ಣಿನಲ್ಲಿ ಕೊಳೆಯುತ್ತದೆ ಎಂಬುದು ಸಸ್ಯಮೂಲ ಪೊರೆಯ ಪರವಾದ ಮುಖ್ಯ ವಾದ. ಕೊಳೆಯಬಲ್ಲದ್ದು ಬಳಕೆಯಲ್ಲಿರುವಾಗಲೂ ಕೊಳೆಯಬಹುದು. ಒದ್ದೆಯಾಗಿ ನಿಂತ ಪೊರೆಯನ್ನು ಸೂಕ್ಷ್ಮಜೀವಿಗಳು ತಿನ್ನುತ್ತವೆ. ಅದಲ್ಲದೆ ಸುರುಳಿಯಲ್ಲಿ ಪೊರೆಯ ಪಾಲು ಅತ್ಯಲ್ಪ: ಅದರಡಿಯ ಪಾಲಿಯೆಸ್ಟರ್ ಬಟ್ಟೆ, ಪದರಗಳ ನಡುವಿನ ಪ್ಲಾಸ್ಟಿಕ್ ಬಲೆ, ಅಂಚಿನ ಅಂಟು, ಮಧ್ಯದ ಕೊಳವೆ, ಹೊರಗಿನ ಗಾಜುನಾರಿನ ಕವಚ ಇವೇ ತೂಕದ ಬಹುಪಾಲು. ಚರ್ಮವನ್ನಷ್ಟೇ ಅನಾನಸ್ ನಾರಿನಿಂದ ಮಾಡಿ ಉಳಿದದ್ದನ್ನು ಹಾಗೇ ಬಿಟ್ಟರೆ ಕಸದ ರಾಶಿ ಕರಗುವುದಿಲ್ಲ. ಹತ್ತಿಯ ಅಥವಾ ಬಾಳೆನಾರಿನ ಆಧಾರದ ಬಟ್ಟೆ, ಬಿಚ್ಚಿ ಮತ್ತೆ ತುಂಬಬಹುದಾದ ಕವಚ ಇವೆರಡನ್ನೂ ಪೊರೆಯ ಜೊತೆಗೇ ರೂಪಿಸಬೇಕು. ನೇಯ್ಗೆ, ನಾರು, ಕಾಗದದ ಕಸುಬು ತಿಳಿದವರು ಈ ಕರಾವಳಿಯಲ್ಲಿ ಇನ್ನೂ ಇದ್ದಾರೆ. ರಸಾಯನಶಾಸ್ತ್ರದ ಪ್ರಯೋಗಾಲಯಗಳು ಅವರನ್ನು ಇದಕ್ಕೆ ಜೊತೆಮಾಡಿಕೊಳ್ಳಬೇಕಾಗುತ್ತದೆ.